ಶಾಲಾಪೂರ್ವ ಮಕ್ಕಳ ದಿನಚರಿ: ಗಳಿಗೆಗಿಂತ ಕ್ರಮ ಮುಖ್ಯ

ಮೂರು ವರ್ಷದ ಮಗುವಿಗೆ ಗಡಿಯಾರ ತಿಳಿಯದು. ‘ಇನ್ನು ಎರಡು ತಾಸಿಗೆ ಅವ್ವ ಬರ್ತಾಳ’ ಎಂಬ ಮಾತು ಅದರ ಕಿವಿಗೆ ಬೀಳುತ್ತದೆಯೇ ಹೊರತು ಮನಸ್ಸಿಗೆ ಇಳಿಯುವುದಿಲ್ಲ. ಅದೇ ಮಾತನ್ನು ‘ಊಟ ಮಾಡಿ, ಮಲಗಿ ಎದ್ದು, ನೀ ಹಾಲು ಕುಡಿಯೂದರಾಗ ಅವ್ವ ಬರ್ತಾಳ’ ಎಂದು ಹೇಳಿದರೆ ಮಗು ತಲೆಯಾಡಿಸುತ್ತದೆ. ಏಕೆಂದರೆ ಅದು ಕಾಲವನ್ನು ಅಳೆಯುವುದು ಗಂಟೆ, ನಿಮಿಷಗಳಿಂದಲ್ಲ. ಒಂದರ ನಂತರ ಮತ್ತೊಂದಾಗಿ ಬರುವ ಕಾರ್ಯಗಳಿಂದ. ಎದ್ದ ಮೇಲೆ ಮುಖ ತೊಳೆಯುವುದು, ಸ್ನಾನವಾದ ಮೇಲೆ ತಿಂಡಿ, ಊಟವಾದ ಮೇಲೆ ನಿದ್ದೆ, ದೀಪ ಹಚ್ಚಿದ ಮೇಲೆ ಮನೆಯೊಳಗಿನ ಆಟ, ಕಥೆಯಾದ ಮೇಲೆ ಹಾಸಿಗೆ. ಈ ಸರಣಿಯೇ ಮಗುವಿನ ಗಡಿಯಾರ.

ಮೂರರಿಂದ ಆರು ವರ್ಷದೊಳಗಿನ ಮಕ್ಕಳಿಗೆ ದಿನಚರಿಯೊಂದನ್ನು ರೂಪಿಸುವುದೆಂದರೆ ಈ ಸರಣಿಯನ್ನು ಕಾಪಾಡುವುದೇ ಆಗಿದೆ. ವೇಳಾಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸುವುದು ಸುಲಭ. ಮನೆಯ ದುಡಿಮೆ, ಬಿಸಿಲು, ನೀರು, ಪಾಳಿ ಇವೆಲ್ಲವುಗಳ ನಡುವೆ ಅದನ್ನು ನಡೆಸಿಕೊಂಡು ಹೋಗುವುದು ಕಠಿಣ. ಆದುದರಿಂದ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬುದನ್ನು ಪಾಲಕರೂ ಅಂಗನವಾಡಿ ಕಾರ್ಯಕರ್ತೆಯರೂ ಮೊದಲೇ ತಿಳಿದಿರುವುದು ಅವಶ್ಯ.

ಪಾಳಿಯ ಊರಿನಲ್ಲಿ ಮಗುವಿನ ಹೊತ್ತು

ಸೊಲ್ಲಾಪುರವು ದುಡಿಮೆಯ ಊರು. 1877ರಲ್ಲಿ ಇಲ್ಲಿ ಸ್ಥಾಪನೆಯಾದ ನೂಲುವ ಮತ್ತು ನೇಯುವ ಗಿರಣಿಯನ್ನು ಜನ ‘ಹಳೆಯ ಗಿರಣಿ’ ಎಂದೇ ಕರೆದರು. ಆ ಗಿರಣಿ, ಅದರ ಬೆನ್ನಿಗೆ ಬಂದ ಇತರ ಗಿರಣಿಗಳು ಒಂದೊಂದಾಗಿ ಮುಚ್ಚಿಹೋದರೂ ಪಾಳಿಯ ಬದುಕು ಮುಚ್ಚಲಿಲ್ಲ. ಅದು ಅಕ್ಕಲಕೋಟ ರಸ್ತೆಯ ಕೈಗಾರಿಕಾ ಪ್ರದೇಶಕ್ಕೂ, ಪುಣೆ ಹೆದ್ದಾರಿಯ ಮಗ್ಗುಲಲ್ಲಿ ಮೋಹೋಳ ತಾಲೂಕಿನ ಸೀಮೆಯಲ್ಲಿರುವ ಚಿಂಚೋಳಿ ಎಂಐಡಿಸಿಗೂ ಸ್ಥಳಾಂತರಗೊಂಡಿತು. ಸೊಲ್ಲಾಪುರದಿಂದ ಸುಮಾರು 40 ಕಿ.ಮೀ. ದೂರದ ಅಕ್ಕಲಕೋಟ, ಅದರ ಸುತ್ತಲಿನ ಕನ್ನಡ ಮಾತನಾಡುವ ಹಳ್ಳಿಗಳು, ದಕ್ಷಿಣ ಸೊಲ್ಲಾಪುರದ ಗ್ರಾಮಗಳು ಈ ದುಡಿಮೆಗೆ ಜನರನ್ನು ಒದಗಿಸಿವೆ. ಮನೆಯಲ್ಲಿಯೇ ಕುಳಿತು ಬೀಡಿ ಸುತ್ತುವ ತಾಯಂದಿರೂ, ಟವೆಲು ಚಾದರಗಳ ಹೊಲಿಗೆ ಕಟ್ಟುವ ಕೆಲಸದವರೂ ಇದೇ ಪರಿಸರದಲ್ಲಿದ್ದಾರೆ.

ಎಂಟೆಂಟು ತಾಸಿನ ಮೂರು ಪಾಳಿಗಳಲ್ಲಿ ನಡೆಯುವ ಕಾರ್ಖಾನೆಯಲ್ಲಿ ತಂದೆ ಒಂದು ವಾರ ಮಗು ಏಳುವ ಮೊದಲೇ ಹೊರಡುತ್ತಾನೆ. ಮತ್ತೊಂದು ವಾರ ಮಗು ಮಲಗಿದ ಮೇಲೆ ಬರುತ್ತಾನೆ. ಮೂರನೆಯ ವಾರ ಹಗಲಿನಲ್ಲಿ ಮಲಗಿರುತ್ತಾನೆ. ದೊಡ್ಡವರ ಗಡಿಯಾರ ಹೀಗೆ ವಾರವಾರವೂ ತಿರುಗುವಾಗ ಮಗುವಿನ ಗಡಿಯಾರವೂ ಅದರೊಡನೆ ತಿರುಗಿಬಿಡುತ್ತದೆ. ಒಂದು ದಿನ ರಾತ್ರಿ ಎಂಟಕ್ಕೆ ನಿದ್ದೆ, ಮರುದಿನ ಹನ್ನೊಂದಕ್ಕೆ. ಒಂದು ದಿನ ತಿಂಡಿ ಏಳಕ್ಕೆ, ಮತ್ತೊಂದು ದಿನ ಹತ್ತಕ್ಕೆ. ಇಂತಹ ಮಗು ಊಟಕ್ಕೆ ಹಟ ಮಾಡಿದಾಗ, ಕಾರಣವಿಲ್ಲದೆ ಅತ್ತಾಗ, ಅಂಗನವಾಡಿಯ ಬಾಗಿಲಲ್ಲಿ ತಾಯಿಯ ಸೆರಗನ್ನು ಬಿಡದಿದ್ದಾಗ ‘ಹಟಮಾರಿ ಕೂಸು’ ಎಂಬ ಹೆಸರು ಅದಕ್ಕೆ ಬರುತ್ತದೆ. ಅನೇಕ ಸಂದರ್ಭಗಳಲ್ಲಿ ಅದು ಹಟವಲ್ಲ. ಮುಂದೇನಾಗುವುದೆಂದು ತಿಳಿಯದ ಜೀವದ ತಳಮಳ.

ಪಾಳಿಯನ್ನು ಬದಲಿಸುವುದು ಪಾಲಕರ ಕೈಯಲ್ಲಿಲ್ಲ. ಆದರೆ ವೇಳೆ ಬದಲಾದರೂ ಕ್ರಮ ಬದಲಾಗದಂತೆ ನೋಡಿಕೊಳ್ಳುವುದು ಅವರ ಕೈಯಲ್ಲಿದೆ. ದಿನಚರಿಯ ಮೊದಲ ಪಾಠ ಇದೇ.

ಹಿರಿಯರು ತೋರಿದ ದಾರಿ

ದುಡಿಯುವವರ ಮಕ್ಕಳಿಗಾಗಿಯೇ ಶಿಶುಶಿಕ್ಷಣದ ದೊಡ್ಡ ಪ್ರಯೋಗಗಳು ನಡೆದಿವೆ ಎಂಬುದನ್ನು ನೆನೆಯಬೇಕು. ಮರಿಯಾ ಮಾಂಟೆಸ್ಸರಿಯವರು 1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ‘ಮಕ್ಕಳ ಮನೆ’ಯನ್ನು ತೆರೆದುದು ತಂದೆತಾಯಿ ಕೆಲಸಕ್ಕೆ ಹೋದಾಗ ಕಟ್ಟಡದಲ್ಲಿ ಅಲೆಯುತ್ತಿದ್ದ ಮಕ್ಕಳಿಗಾಗಿ. ಕೈತೊಳೆಯುವುದು, ಮೇಜು ಒರೆಸುವುದು, ತಟ್ಟೆ ಇಡುವುದು ಮುಂತಾದ ನಿತ್ಯದ ಕೆಲಸಗಳನ್ನೇ ಅವರು ಕಲಿಕೆಯನ್ನಾಗಿ ಮಾಡಿದರು. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ ಅವರು 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಗ್ರಾಮೀಣ ಮಕ್ಕಳಿಗಾಗಿ ಕೇಂದ್ರವನ್ನು ತೆರೆದರು. ಅನುತಾಯಿ ವಾಘ ಅವರು ಅವರಿಗೆ ಜೊತೆಯಾದರು. 1957ರಲ್ಲಿ ಆ ಕಾರ್ಯವು ಕೋಸಬಾಡಕ್ಕೆ ಸಾಗಿತು.

ಆ ಇಬ್ಬರು ಮಹನೀಯರ ಅನುಭವದಲ್ಲಿ ಇಂದಿನ ಪಾಲಕರಿಗೆ ಬಹುಮುಖ್ಯವಾದ ತಿಳಿವಳಿಕೆಯಿದೆ. ಬಡವರ ಕೇರಿಯ ಮಕ್ಕಳು ಬಾಲವಾಡಿಗೆ ಬಾರದಿದ್ದಾಗ ಅವರು ಮಕ್ಕಳನ್ನು ದೂರಲಿಲ್ಲ. ಬಾಲವಾಡಿಯನ್ನೇ ಮಕ್ಕಳ ಮನೆಯಂಗಳಕ್ಕೆ ಒಯ್ದರು. ‘ಅಂಗನವಾಡಿ’ ಎಂಬ ಕಲ್ಪನೆಯ ಬೇರು ಅಲ್ಲಿದೆ. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲಿಯೇ ಶಾಲೆ ನಡೆಸಿದರು. ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೊಣೆಯಿಂದ ದೊಡ್ಡ ಹುಡುಗಿಯರು ಶಾಲೆ ತಪ್ಪಿಸುತ್ತಾರೆಂದು ಕಂಡು, ಶಿಶುಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಆವರಣದಲ್ಲಿ ಕೂಡಿಸಿದರು. ಕುಟುಂಬದ ದುಡಿಮೆಯನ್ನು ಅರಿಯದ ದಿನಚರಿ ನಿಲ್ಲದು ಎಂಬುದೇ ಇದರ ಸಾರ.

1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರವು 33 ಘಟಕಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ಕರ್ನಾಟಕದಲ್ಲಿ ಆ ಯೋಜನೆ ಮೊದಲು ಕಾಲಿಟ್ಟುದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಆಹಾರ, ಲಸಿಕೆ, ಆರೋಗ್ಯ ತಪಾಸಣೆಗಳ ಜೊತೆಗೆ ಶಾಲಾಪೂರ್ವ ಶಿಕ್ಷಣವೂ ಅಂಗನವಾಡಿಯ ಕರ್ತವ್ಯವಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಐದು ವರ್ಷಗಳನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿತು. ಆ ಹಂತದ ಪಠ್ಯಕ್ರಮ ಚೌಕಟ್ಟು 2022ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಆಟವೇ ಈ ವಯಸ್ಸಿನ ಕಲಿಕೆಯ ಮಾರ್ಗವೆಂಬುದು ಅದರ ತಿರುಳು. ಮೂರು ವರ್ಷದ ಮಗುವನ್ನು ಪಾಟಿ ಹಿಡಿಸಿ ಗಂಟೆಗಟ್ಟಲೆ ಕೂರಿಸುವುದನ್ನು ದಿನಚರಿ ಎನ್ನಲಾಗದು.

ದಿನದಲ್ಲಿ ಏನು, ಎಷ್ಟು?

ದಿನಚರಿಯನ್ನು ರೂಪಿಸುವ ಮೊದಲು ಮಗುವಿನ ದೇಹದ ಅವಶ್ಯಕತೆಗಳನ್ನು ಲೆಕ್ಕ ಹಾಕಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ನೀಡಿದ ಮಾರ್ಗಸೂಚಿ ಇದಕ್ಕೆ ಸಹಾಯಕ. ಮೂರು ಮತ್ತು ನಾಲ್ಕು ವರ್ಷದ ಮಕ್ಕಳಿಗೆ ಅದು ಸೂಚಿಸುವುದು ಹೀಗೆ:

ನಿದ್ದೆ: ದಿನದ 24 ತಾಸಿನಲ್ಲಿ 10ರಿಂದ 13 ತಾಸು. ಇದರಲ್ಲಿ ಮಧ್ಯಾಹ್ನದ ನಿದ್ದೆಯೂ ಸೇರಬಹುದು. ಮಲಗುವ ಮತ್ತು ಏಳುವ ಹೊತ್ತು ಆದಷ್ಟೂ ಒಂದೇ ಆಗಿರಬೇಕು.
ಓಡಾಟ, ಆಟ: ದಿನಕ್ಕೆ ಕನಿಷ್ಠ 180 ನಿಮಿಷ. ಅದರಲ್ಲಿ ಕನಿಷ್ಠ 60 ನಿಮಿಷ ಮೈಬೆವರುವಂತಹ ಆಟ.
ಪರದೆ: ಟಿ.ವಿ., ಮೊಬೈಲು ಎಲ್ಲ ಸೇರಿ ಒಂದು ತಾಸಿಗಿಂತ ಹೆಚ್ಚಾಗಬಾರದು, ಕಡಿಮೆಯಾದಷ್ಟೂ ಒಳ್ಳೆಯದು.
ಕೂರಿಸುವುದು: ಒಂದೇ ಕಡೆ ಕಟ್ಟಿಹಾಕಿದಂತೆ ಒಂದು ತಾಸಿಗಿಂತ ಹೆಚ್ಚು ಹೊತ್ತು ಕೂರಿಸಬಾರದು.

ರಾತ್ರಿ 9ಕ್ಕೆ ಮಲಗಿ ಬೆಳಿಗ್ಗೆ 6.30ಕ್ಕೆ ಏಳುವ ಮಗುವಿಗೆ ಒಂಬತ್ತೂವರೆ ತಾಸಿನ ನಿದ್ದೆಯಾಯಿತು. ಮಧ್ಯಾಹ್ನ ಒಂದೂವರೆ ತಾಸು ಸೇರಿದರೆ ಹನ್ನೊಂದು. ಲೆಕ್ಕ ಸರಿಹೋಯಿತು. ಅದೇ ಮಗುವನ್ನು ರಾತ್ರಿ ಹನ್ನೊಂದೂವರೆಯವರೆಗೆ ಎಚ್ಚರವಿರಿಸಿ ಬೆಳಿಗ್ಗೆ ಅದೇ ವೇಳೆಗೆ ಎಬ್ಬಿಸಿದರೆ ಏಳು ತಾಸು ಮಾತ್ರ ಉಳಿಯುತ್ತದೆ. ಮಧ್ಯಾಹ್ನದ ನಿದ್ದೆ ಆ ಕೊರತೆಯನ್ನು ತುಂಬಲಾರದು.

ಆಹಾರದ ವಿಷಯದಲ್ಲಿ ಮಗುವಿನ ಹೊಟ್ಟೆ ಚಿಕ್ಕದೆಂಬುದನ್ನು ಮರೆಯಬಾರದು. ದೊಡ್ಡವರಂತೆ ಎರಡು ಸಲ ಹೊಟ್ಟೆ ತುಂಬ ಉಂಡು ಅದು ದಿನ ಕಳೆಯಲಾರದು. ಸುಮಾರು ಮೂರು ತಾಸಿಗೊಮ್ಮೆ ಏನಾದರೂ ಬೇಕು: ಮೂರು ಊಟ, ನಡುವೆ ಎರಡು ಅಲ್ಪಾಹಾರ. ಈ ಸೀಮೆಯ ಮನೆಗಳಲ್ಲಿ ಇದಕ್ಕಾಗಿ ಹೊರಗಿನ ಪೊಟ್ಟಣಗಳನ್ನು ತರಬೇಕಿಲ್ಲ. ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಹೆಸರುಬೇಳೆಯ ಕಿಚಡಿ, ಬಾಳೆಹಣ್ಣು, ಮೊಸರನ್ನ, ಶೇಂಗಾ ಹಿಂಡಿ ಸಾಕು. ಇಡಿಯ ಶೇಂಗಾ ಕಾಳು, ಹುರಿದ ಕಡಲೆ ಮುಂತಾದುವು ಚಿಕ್ಕ ಮಕ್ಕಳ ಉಸಿರುನಾಳದಲ್ಲಿ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಪುಡಿ ಮಾಡಿಯೇ ಕೊಡಬೇಕು. ಮಗು ಓಡಾಡುತ್ತ ತಿನ್ನದೆ ಕುಳಿತು ತಿನ್ನುವುದನ್ನು ರೂಢಿಸಬೇಕು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಪರಿಪಾಠವಿರುವ ಮನೆಗಳಲ್ಲಿ ಸಂಜೆಯ ಕ್ರಮ ತಾನಾಗಿಯೇ ಸಿದ್ಧವಾಗಿರುತ್ತದೆ. ಬೇಗ ಉಂಡ ಮಗು ಬೇಗ ಮಲಗುತ್ತದೆ; ಬೆಳಿಗ್ಗೆ ಹಸಿವಿನಿಂದಲೇ ಏಳುತ್ತದೆ.

ಅಂಗನವಾಡಿಯ ನಾಲ್ಕು ತಾಸು

ಅಂಗನವಾಡಿ ಅಥವಾ ಬಾಲವಾಡಿಯ ಕಾರ್ಯಕ್ರಮ ಮೂರರಿಂದ ನಾಲ್ಕು ತಾಸಿನದಾಗಿದ್ದರೆ ಈ ವಯಸ್ಸಿಗೆ ಸಾಕು. ಅದರಲ್ಲಿ ಓಡುವ ಆಟದ ನಂತರ ಕೂರುವ ಕೆಲಸ, ಎಲ್ಲರೂ ಕೂಡಿ ಮಾಡುವುದರ ನಂತರ ಒಬ್ಬೊಬ್ಬರೇ ಮಾಡುವುದು, ಹೊರಗಿನದರ ನಂತರ ಒಳಗಿನದು, ಮಗು ಆರಿಸಿಕೊಂಡ ಆಟದ ನಂತರ ಕಾರ್ಯಕರ್ತೆ ನಡೆಸುವ ಚಟುವಟಿಕೆ ಹೀಗೆ ಸಮತೋಲವಿರಬೇಕು. ಒಂದು ಮಾದರಿ ಹೀಗಿರಬಹುದು:

9.30 – 9.50: ಸ್ವಾಗತ, ಕೈಕಾಲು ತೊಳೆಯುವುದು, ಚೀಲ ಚಪ್ಪಲಿ ಸ್ಥಳದಲ್ಲಿಡುವುದು
9.50 – 10.20: ಮಣೆ, ಮಣಿ, ಗೊಂಬೆಗಳೊಡನೆ ಇಷ್ಟದ ಆಟ
10.20 – 10.40: ಸುತ್ತು ಕುಳಿತು ಮಾತು, ಹಾಡು
10.40 – 11.00: ಅಲ್ಪಾಹಾರ
11.00 – 11.30: ಹೊರಾಂಗಣದ ಆಟ
11.30 – 11.55: ಚಿತ್ರ, ಮಣ್ಣಿನ ಕೆಲಸ, ವಿಂಗಡಣೆ, ಎಣಿಕೆ
11.55 – 12.15: ಕಥೆ
12.15 – 12.50: ಕೈ ತೊಳೆದು ಊಟ, ತಟ್ಟೆ ಎತ್ತಿಡುವುದು
12.50 – 1.20: ವಿಶ್ರಾಂತಿ
1.20 – 1.30: ನಾಳೆಯ ಮಾತು, ಬೀಳ್ಕೊಡುಗೆ

ಈ ಪಟ್ಟಿಯಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಯಾವ ಭಾಗವೂ ಬಹಳ ದೀರ್ಘವಾಗಿಲ್ಲ. ಕುಳಿತು ಮಾಡುವ ಕೆಲಸ ಇಪ್ಪತ್ತು ಇಪ್ಪತ್ತೈದು ನಿಮಿಷಗಳನ್ನು ಮೀರುವುದಿಲ್ಲ. ಎರಡನೆಯದಾಗಿ, ಇಷ್ಟದ ಆಟವು ಆರಂಭದಲ್ಲಿಯೇ ಬರುತ್ತದೆ. ಮನೆಯಿಂದ ಬಂದ ಮಗು ಅಳು ಮರೆಯಲೂ, ತಡವಾಗಿ ಬರುವ ಮಗು ನಾಚಿಕೆಯಿಲ್ಲದೆ ಸೇರಿಕೊಳ್ಳಲೂ ಇದರಿಂದ ಅನುಕೂಲ. ಪಾಳಿಯ ಮನೆಗಳಿಂದ ಮಕ್ಕಳು ಬರುವೆಡೆ ಇದು ಬಹಳ ಮುಖ್ಯ. ಮೂರನೆಯದಾಗಿ, ಕೈತೊಳೆಯುವುದು, ತಟ್ಟೆ ಎತ್ತಿಡುವುದು ಇವು ಪಾಠಗಳ ನಡುವಿನ ವ್ಯರ್ಥ ವೇಳೆಯಲ್ಲ, ಇವೇ ಪಾಠಗಳು.

ಸೊಲ್ಲಾಪುರದ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುತ್ತದೆ. ಮಾರ್ಚ್‌ನಿಂದ ಮಳೆ ಬೀಳುವವರೆಗೆ ಹನ್ನೊಂದು ಗಂಟೆಯ ಬಿಸಿಲಲ್ಲಿ ಹೊರಾಂಗಣದ ಆಟ ಸಲ್ಲದು. ಆಗ ಕೇಂದ್ರವನ್ನು ಬೇಗ ಆರಂಭಿಸಿ, ಹೊರಗಿನ ಆಟವನ್ನು ಎಲ್ಲಕ್ಕಿಂತ ಮೊದಲು ಮುಗಿಸಬೇಕು. ನೀರು ಕುಡಿಯುವುದನ್ನೂ ದಿನಚರಿಯ ಒಂದು ಭಾಗವನ್ನಾಗಿ ಮಾಡಬೇಕು. ತಗಡಿನ ಛಾವಣಿಯ ಕೋಣೆಯಲ್ಲಿ ವಿಶ್ರಾಂತಿಯ ವೇಳೆಗೆ ನೆಲ ಒರೆಸಿ, ಕಿಟಕಿಗೆ ಒದ್ದೆ ಬಟ್ಟೆ ಕಟ್ಟುವ ಹಳೆಯ ಉಪಾಯ ಇಂದಿಗೂ ಕೆಲಸಕ್ಕೆ ಬರುತ್ತದೆ.

ಎರಡು ಭಾಷೆಗಳ ನಡುವಿನ ಮಗು

ಗಡಿಭಾಗದ ಮಕ್ಕಳಿಗೆ ದಿನಚರಿಯಿಂದ ಮತ್ತೊಂದು ಉಪಕಾರವಿದೆ. ಮನೆಯಲ್ಲಿ ಕನ್ನಡ ಕೇಳಿ ಬೆಳೆದ ಮಗು ಮರಾಠಿ ಮಾತನಾಡುವ ಬಾಲವಾಡಿಗೆ ಮೊದಲ ದಿನ ಕಾಲಿಟ್ಟಾಗ ಮಾತುಗಳು ಅದಕ್ಕೆ ಅರ್ಥವಾಗುವುದಿಲ್ಲ. ಆದರೆ ಪ್ರತಿದಿನವೂ ಹಾಡಾದ ಮೇಲೆ ಕೈ ತೊಳೆಯಲು ಹೋಗುವುದು, ಕೈ ತೊಳೆದ ಮೇಲೆ ತಿಂಡಿ ಬರುವುದು ಎಂಬ ಕ್ರಮ ತಪ್ಪದಿದ್ದರೆ ಎರಡನೆಯ ವಾರದಲ್ಲಿ ಮಗು ಮಾತು ತಿಳಿಯದೆಯೂ ಸಾಲಿನಲ್ಲಿ ನಿಲ್ಲುತ್ತದೆ. ‘ಹಾತ್ ಧುವಾ’ ಎಂಬ ಮಾತಿನ ಅರ್ಥ ‘ಕೈ ತೊಳಿರಿ’ ಎಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ. ಆ ಹೊತ್ತಿನಲ್ಲಿ ಆಗುವ ಕೆಲಸವೇ ಅದನ್ನು ಹೇಳಿಕೊಡುತ್ತದೆ. ಕ್ರಮವು ಸ್ಥಿರವಾಗಿದ್ದರೆ ಹೊಸ ಭಾಷೆ ಅದರ ಮೇಲೆ ಬಳ್ಳಿಯಂತೆ ಹಬ್ಬುತ್ತದೆ. ಕ್ರಮವೂ ತಿಳಿಯದೆ, ಮಾತೂ ತಿಳಿಯದೆ ಹೋದರೆ ಮಗು ಮೂಲೆ ಸೇರುತ್ತದೆ.

ಇದಕ್ಕಾಗಿ ಮನೆಯ ಭಾಷೆಯನ್ನು ಬಿಡಬೇಕಾಗಿಲ್ಲ. ರಾತ್ರಿಯ ಕಥೆ, ಸ್ನಾನದ ಹಾಡು, ಊಟದ ಮಾತು ಕನ್ನಡದಲ್ಲಿಯೇ ನಡೆಯಲಿ. ದಿನದ ಯಾವ ಭಾಗ ಯಾವ ಭಾಷೆಯದೆಂಬುದು ಮಗುವಿಗೆ ಸ್ಪಷ್ಟವಾದರೆ ಅದು ಎರಡನ್ನೂ ಗೊಂದಲವಿಲ್ಲದೆ ಕಲಿಯುತ್ತದೆ. ಸುತ್ತು ಕುಳಿತ ಹೊತ್ತಿನಲ್ಲಿ ಒಂದು ಕನ್ನಡ ಹಾಡಿಗೂ ಸ್ಥಳವಿದ್ದರೆ ಆ ಮಗುವಿನ ಮುಖ ಅರಳುವುದನ್ನು ಕಾರ್ಯಕರ್ತೆಯರೇ ಕಾಣುವರು.

ಪಾಳಿಯ ಮನೆಯಲ್ಲಿ ದಿನಚರಿ

ಮನೆಯ ದಿನಚರಿಗೆ ಐದು ಗೂಟಗಳು ಸಾಕು: ಬೆಳಿಗ್ಗೆ ಏಳುವುದು, ಸ್ನಾನ ಮತ್ತು ತಿಂಡಿ, ಮಧ್ಯಾಹ್ನದ ನಿದ್ದೆ, ಸಂಜೆಯ ಹೊರಗಿನ ಆಟ, ರಾತ್ರಿಯ ಕಥೆ ಮತ್ತು ನಿದ್ದೆ. ಇವುಗಳ ನಡುವಿನ ವೇಳೆ ಹಿಗ್ಗಬಹುದು, ಕುಗ್ಗಬಹುದು. ಗೂಟಗಳು ಅಲುಗಬಾರದು.

ಉದಾಹರಣೆಗೆ, ತಂದೆ ಪಾಳಿಯಲ್ಲಿ ದುಡಿಯುವ, ತಾಯಿ ಹಗಲು ಕೆಲಸಕ್ಕೆ ಹೋಗುವ, ಅಜ್ಜಿಯಿರುವ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮಗುವಿಗೆ ನಾಲ್ಕು ವರ್ಷ. ಐದು ಗೂಟಗಳಲ್ಲಿ ಪ್ರತಿ ವಾರವೂ ಒಂದನ್ನು ತಂದೆಯದೆಂದು ಮೀಸಲಿಡಬೇಕು. ಮೊದಲನೆಯ ಪಾಳಿಯ ವಾರದಲ್ಲಿ ಮಗು ಏಳುವ ಮೊದಲೇ ತಂದೆ ಹೊರಡುತ್ತಾನೆ. ಆದರೆ ಸಂಜೆಯ ಆಟ ಅವನದು. ಎರಡನೆಯ ಪಾಳಿಯ ವಾರದಲ್ಲಿ ರಾತ್ರಿ ಅವನಿಲ್ಲ. ಬೆಳಗಿನ ಸ್ನಾನ, ತಿಂಡಿ, ಅಂಗನವಾಡಿಗೆ ಕೈಹಿಡಿದು ಕರೆದೊಯ್ಯುವುದು ಅವನದು. ರಾತ್ರಿಪಾಳಿಯ ವಾರದಲ್ಲಿ ಹಗಲು ಅವನು ಮಲಗಬೇಕು. ಆಗ ಸಂಜೆಯ ಊಟ ಬಡಿಸಿ, ಕಥೆ ಹೇಳಿ, ಮಲಗಿಸಿ ಕೆಲಸಕ್ಕೆ ಹೊರಡುವುದು ಅವನದು. ಹೀಗೆ ಮೂರು ವಾರಗಳಲ್ಲಿಯೂ ಮಗುವಿನ ಏಳುವ, ಉಣ್ಣುವ, ಮಲಗುವ ಹೊತ್ತು ಒಂದೇ. ಬದಲಾಗುವುದು ತಂದೆ ಸಿಗುವ ಹೊತ್ತು ಮಾತ್ರ.

ವಾರದ ರಜೆಯ ದಿನ ಇದನ್ನು ಮಗುವಿಗೆ ಕಾಣುವಂತೆ ತಿಳಿಸಬೇಕು. ಒಂದು ರಟ್ಟಿನ ಮೇಲೆ ಐದು ಚಿತ್ರಗಳನ್ನು ಬರೆದು ಅಥವಾ ಕತ್ತರಿಸಿ ಅಂಟಿಸಲಿ: ಸೂರ್ಯ, ಬಕೆಟ್ಟು, ಚಾಪೆ, ಚೆಂಡು, ಚಂದ್ರ. ತಂದೆಯ ಚಿಕ್ಕ ಭಾವಚಿತ್ರವನ್ನು ಮಗುವೇ ತನ್ನ ಕೈಯಿಂದ ಚೆಂಡಿನ ಮೇಲಿಂದ ತೆಗೆದು ಬಕೆಟ್ಟಿನ ಮೇಲಿಡಲಿ. ‘ಈ ವಾರ ಅಪ್ಪ ಎಲ್ಲಿ?’ ಎಂಬ ಪ್ರಶ್ನೆಗೆ ಉತ್ತರ ಗೋಡೆಯ ಮೇಲೆಯೇ ಇರುತ್ತದೆ. ಓದು ಬಾರದ ಮಗುವಿಗೆ ಇದೇ ಮೊದಲ ಓದು.

ಇಲ್ಲಿ ಒಂದು ಕಷ್ಟದ ಮಾತನ್ನೂ ಹೇಳಬೇಕಾಗುತ್ತದೆ. ಎರಡನೆಯ ಪಾಳಿ ಮುಗಿಸಿ ರಾತ್ರಿ ತಡವಾಗಿ ಬಂದ ತಂದೆಗೆ ಮಗುವನ್ನು ಮಾತನಾಡಿಸುವ ಆಸೆ ಇರುವುದು ಸಹಜ. ಮಗುವನ್ನು ಅಲ್ಲಿಯವರೆಗೆ ಎಚ್ಚರವಿರಿಸುವುದು, ಅಥವಾ ಮಲಗಿದ್ದನ್ನು ಎಬ್ಬಿಸಿ ಎತ್ತಿಕೊಳ್ಳುವುದು ಪ್ರೀತಿಯಿಂದಲೇ ನಡೆಯುತ್ತದೆ. ಆದರೆ ಅದರ ಬೆಲೆಯನ್ನು ಮರುದಿನ ಮಗು ತೆರುತ್ತದೆ. ಮಲಗಿದ ಮಗುವಿನ ಪಕ್ಕದಲ್ಲಿ ಕ್ಷಣಕಾಲ ಕುಳಿತು, ಬೆಳಗಿನ ಸ್ನಾನಕ್ಕಾಗಿ ಕಾಯುವ ತಂದೆ ಮಗುವಿಗೆ ಹೆಚ್ಚಿನದನ್ನು ಕೊಟ್ಟಿರುತ್ತಾನೆ.

ರಾತ್ರಿಪಾಳಿಯ ತಂದೆ ಹಗಲು ಮಲಗಿದಾಗ ಒಂದೇ ಕೋಣೆಯ ಮನೆಯಲ್ಲಿ ‘ಸುಮ್ಮನಿರು’ ಎಂಬುದೊಂದೇ ಮಗುವಿಗೆ ದಿನವೆಲ್ಲ ಕೇಳಿಬರುವ ಮಾತಾಗುತ್ತದೆ; ಸುಮ್ಮನಿರಿಸಲು ಮೊಬೈಲು ಕೈಗೆ ಬರುತ್ತದೆ. ಇದಕ್ಕೆ ಬದಲಾಗಿ ಸದ್ದಿಲ್ಲದ ಆಟಗಳ ಒಂದು ಬುಟ್ಟಿಯನ್ನು ಆ ವಾರಕ್ಕೆಂದೇ ತೆಗೆದಿಡಬಹುದು: ಬಟ್ಟೆಯ ಚೂರುಗಳು, ದೊಡ್ಡ ಗುಂಡಿಗಳು, ಪೋಣಿಸುವ ನೂಲಿನ ರೀಲುಗಳು, ಬಣ್ಣದ ಕಡ್ಡಿಗಳು. ಟವೆಲು, ಚಾದರ ನೇಯುವ ಊರಿನಲ್ಲಿ ಬಟ್ಟೆಯ ಚೂರಿಗೂ ನೂಲಿಗೂ ಬರವಿಲ್ಲ. ಬೇರೆ ವಾರಗಳಲ್ಲಿ ಆ ಬುಟ್ಟಿ ಮೇಲೆಯೇ ಇದ್ದರೆ ಅದರ ಹೊಸತನ ಮಾಸುವುದಿಲ್ಲ. ಬೀಡಿ ಸುತ್ತುವ ಮನೆಗಳಲ್ಲಿ ಮಾತ್ರ ಮಗು ಆಡುವ, ಮಲಗುವ ಸ್ಥಳವು ತಂಬಾಕಿನ ಮೊರದಿಂದ ದೂರವಿರಬೇಕು. ಕೆಲಸ ಬಿಟ್ಟೇಳುವಾಗ ಕೈ ತೊಳೆದೇ ಮಗುವನ್ನು ಮುಟ್ಟಬೇಕು. ಕಾರ್ಖಾನೆಯಿಂದ ಬಂದವರೂ ಬಟ್ಟೆ ಬದಲಿಸಿ, ಕೈಕಾಲು ತೊಳೆದು ಎತ್ತಿಕೊಳ್ಳಲಿ. ‘ಅಪ್ಪ ಕೈ ತೊಳೆದ ಮೇಲೆ ಎತ್ತಿಕೊಳ್ತಾರ’ ಎಂಬುದೂ ಮಗುವಿನ ದಿನಚರಿಯ ಒಂದು ಸಾಲಾಗುತ್ತದೆ.

ತಾಯಿಯ ಕೆಲಸದ ಸ್ಥಳದ ಹೊಣೆಯನ್ನೂ ಮರೆಯಬಾರದು. 1948ರ ಕಾರ್ಖಾನೆ ಕಾಯಿದೆಯಲ್ಲಿಯೇ ದುಡಿಯುವ ಸ್ತ್ರೀಯರ ಆರು ವರ್ಷದೊಳಗಿನ ಮಕ್ಕಳಿಗಾಗಿ ಶಿಶುಪಾಲನಾ ಕೊಠಡಿಯ ವಿಧಿಯಿತ್ತು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯಿದೆಯು 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳಿಗೆ ಶಿಶುಪಾಲನಾ ಕೇಂದ್ರದ ಹೊಣೆಯನ್ನು ವಿಧಿಸಿ, ತಾಯಿಯು ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರುವ ಅವಕಾಶವನ್ನು ಕಲ್ಪಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಹೊಣೆಯನ್ನು ಉಳಿಸಿಕೊಳ್ಳಲಾಗಿದೆ. ಇಂತಹ ಕೇಂದ್ರಗಳಿರುವೆಡೆ ತಾಯಿಯ ಆ ನಾಲ್ಕು ಭೇಟಿಗಳು ಪ್ರತಿದಿನ ಒಂದೇ ಕೆಲಸದ ಬೆನ್ನಿಗೆ ಬಂದರೆ, ಉದಾಹರಣೆಗೆ ಅಲ್ಪಾಹಾರದ ನಂತರ, ನಿದ್ದೆಗೆ ಮುನ್ನ, ಮಗು ಆ ಭೇಟಿಗಾಗಿ ಅಳದೆ ಕಾಯುವುದನ್ನು ಕಲಿಯುತ್ತದೆ.

ಅಗಲಿಕೆ ಮತ್ತು ಮರಳುವಿಕೆ

ದಿನಚರಿಯಲ್ಲಿ ಅತ್ಯಂತ ಸೂಕ್ಷ್ಮವಾದ ಗಳಿಗೆ ಅಗಲಿಕೆಯದು. ಮಗು ಅಳುವುದೆಂದು ಅದು ಆಟದಲ್ಲಿ ಮಗ್ನವಾಗಿರುವಾಗ ಹಿಂಬಾಗಿಲಿನಿಂದ ಸದ್ದಿಲ್ಲದೆ ಹೋಗಿಬಿಡುವ ರೂಢಿ ಬಹಳ ಮನೆಗಳಲ್ಲಿದೆ. ‘ಅಂಗಡಿಗೆ ಹೋಗಿ ಈಗ ಬಂದೆ’ ಎಂದು ಹೇಳಿ ಸಂಜೆ ಬರುವುದೂ ಉಂಟು. ಆ ಹೊತ್ತಿನ ಅಳು ತಪ್ಪಿತೆಂದು ದೊಡ್ಡವರು ಸಮಾಧಾನಪಡುತ್ತಾರೆ. ಆದರೆ ಮಗು ಎರಡು ಪಾಠ ಕಲಿತಿರುತ್ತದೆ: ಕಣ್ಣು ತಪ್ಪಿದರೆ ಅವ್ವ ಮಾಯವಾಗುತ್ತಾಳೆ, ದೊಡ್ಡವರ ಮಾತನ್ನು ನಂಬಲಾಗದು. ಮರುದಿನದಿಂದ ಅದು ಆಟದಲ್ಲಿ ಮೈಮರೆಯುವುದನ್ನೇ ಬಿಟ್ಟು ಸೆರಗನ್ನು ಹಿಡಿದುಕೊಂಡೇ ಇರುತ್ತದೆ.

ಇದಕ್ಕಿಂತ ಎದುರಿಗೇ ಹೇಳಿ ಹೋಗುವುದು ಉತ್ತಮ. ಹೇಳುವ ಮಾತು ಚಿಕ್ಕದಿರಲಿ, ಪ್ರತಿದಿನ ಅದೇ ಇರಲಿ: ‘ನಾ ಕೆಲಸಕ್ಕ ಹೊಂಟೇನಿ. ನೀ ಮಲಗಿ ಎದ್ದ ಮ್ಯಾಲ ಬರ್ತೀನಿ.’ ಒಮ್ಮೆ ಅಪ್ಪಿಕೊಂಡು, ಹಿಂತಿರುಗಿ ಹಿಂತಿರುಗಿ ನೋಡದೆ ಹೊರಡಬೇಕು. ಮೊದಲ ಕೆಲವು ದಿನ ಮಗು ಅಳುವುದು, ಅಳಲಿ. ಹೇಳಿದ ಹೊತ್ತಿಗೆ ತಾಯಿ ಮರಳಿ ಬಂದಾಗಲೆಲ್ಲ ಆ ಮಾತಿಗೆ ಬಲ ಬರುತ್ತದೆ. ಬರಲು ತಡವಾಗುವುದೆಂದು ಮೊದಲೇ ತಿಳಿದಿದ್ದರೆ ಮಾತನ್ನೂ ಬದಲಿಸಬೇಕು: ‘ಇವತ್ತ ದೀಪ ಹಚ್ಚಿದ ಮ್ಯಾಲ ಬರ್ತೀನಿ.’ ಸುಳ್ಳಿನಿಂದ ಕೊಂಡ ಶಾಂತಿಗಿಂತ ನಿಜದಿಂದ ಬಂದ ಅಳು ಮಗುವಿಗೆ ಹಿತ.

ಹಬ್ಬದ ದಿನಗಳಲ್ಲಿ

ಜಾತ್ರೆ, ಉತ್ಸವ, ಮದುವೆಗಳಲ್ಲಿ ದಿನಚರಿ ತಪ್ಪುವುದು ಸಹಜ. ತಪ್ಪಬಾರದೆಂಬ ನಿಷ್ಠುರತೆಯೂ ಬೇಡ. ಆದರೆ ಮೂರು ದಿನಗಳ ಉತ್ಸವದಲ್ಲಿ ಮಗು ಮೂರನೆಯ ದಿನ ಜ್ವರ ಬಂದಂತೆ ರೋದಿಸುವುದು ಬಹುಶಃ ನಿದ್ದೆಗಾಗಿಯೇ. ಎಲ್ಲ ಗೂಟಗಳನ್ನು ಕಾಪಾಡಲಾಗದಿದ್ದರೆ ಎರಡನ್ನಾದರೂ ಕಾಪಾಡಬೇಕು: ಮಧ್ಯಾಹ್ನದ ನಿದ್ದೆ ಮತ್ತು ಊಟದ ಹೊತ್ತು. ಮಂಟಪದ ಗದ್ದಲದಿಂದ ದೂರವಾಗಿ ಒಂದು ಮೂಲೆಯಲ್ಲಿ ಮನೆಯದೇ ಚಾದರ ಹಾಸಿ ಮಲಗಿಸಿದರೆ ಪರಿಚಿತ ಚಾದರವೇ ಅರ್ಧ ನಿದ್ದೆ ತರುತ್ತದೆ. ಉತ್ಸವ ನಡೆಸುವವರೂ ಹಾಲುಣಿಸುವ ತಾಯಂದಿರಿಗೆ, ಚಿಕ್ಕ ಮಕ್ಕಳಿಗೆ ಅಂತಹ ಒಂದು ಕೋಣೆಯನ್ನು ಬಿಟ್ಟುಕೊಟ್ಟರೆ ದೊಡ್ಡ ಉಪಕಾರ. ಹಬ್ಬ ಮುಗಿದ ಮರುದಿನವೇ ಮಗು ಮೊದಲಿನಂತಾಗಬೇಕೆಂದು ಗದರಬಾರದು. ಹಳೆಯ ಕ್ರಮಕ್ಕೆ ಮರಳಲು ಅದಕ್ಕೆ ಎರಡು ಮೂರು ದಿನ ಬೇಕು.

ಆರಂಭಿಸುವ ಬಗೆ

ಇಡಿಯ ದಿನವನ್ನು ಒಮ್ಮೆಲೇ ತಿದ್ದಲು ಹೊರಟವರು ವಾರದೊಳಗೆ ಕೈಬಿಡುತ್ತಾರೆ. ರಾತ್ರಿಯ ನಿದ್ದೆಯಿಂದ ಆರಂಭಿಸುವುದು ಸೂಕ್ತ. ಏಕೆಂದರೆ ನಿದ್ದೆ ಸರಿಯಾದರೆ ಏಳುವುದು ಸರಿಯಾಗುತ್ತದೆ, ಏಳುವುದು ಸರಿಯಾದರೆ ಹಸಿವು ಹೊತ್ತಿಗೆ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ಮಲಗುವ ಮಗುವನ್ನು ಒಂದೇ ದಿನ ಒಂಬತ್ತಕ್ಕೆ ಮಲಗಿಸಲಾಗದು. ಎರಡು ಮೂರು ದಿನಕ್ಕೊಮ್ಮೆ ಕಾಲು ತಾಸು ಮುಂಚಿತವಾಗಿ ಮಲಗಿಸುತ್ತ, ಬೆಳಿಗ್ಗೆಯೂ ಅಷ್ಟೇ ಮುಂಚಿತವಾಗಿ ಎಬ್ಬಿಸುತ್ತ ಬಂದರೆ ಮೂರು ವಾರಗಳಲ್ಲಿ ಹೊತ್ತು ಕೂಡಿಬರುತ್ತದೆ. ಮಲಗುವ ಒಂದು ತಾಸು ಮೊದಲು ಟಿ.ವಿ., ಮೊಬೈಲು ಆರಿರಬೇಕು. ಮುಖ ತೊಳೆಯುವುದು, ಬಟ್ಟೆ ಬದಲಿಸುವುದು, ಕಥೆ, ದೀಪ ಆರಿಸುವುದು ಇಷ್ಟೇ ಕ್ರಮ; ಪ್ರತಿರಾತ್ರಿಯೂ ಇದೇ ಕ್ರಮ.

ನಂತರದ ವಾರಗಳಲ್ಲಿ ಊಟದ ಹೊತ್ತು, ಆ ಬಳಿಕ ಸಂಜೆಯ ಆಟ. ಒಂದು ಕೆಲಸದಿಂದ ಮತ್ತೊಂದಕ್ಕೆ ಮಗುವನ್ನು ಹಠಾತ್ತನೆ ಎಳೆಯಬಾರದು; ‘ಇನ್ನ ಎರಡು ಸಲ ಜೋಕಾಲಿ ಆಡು, ಆಮ್ಯಾಲ ಮನಿಗೆ’ ಎಂದು ಮುನ್ಸೂಚನೆ ಕೊಟ್ಟರೆ ಅರ್ಧ ಜಗಳ ಕಡಿಮೆಯಾಗುತ್ತದೆ. ಮಗುವಿಗೆ ಪ್ರತಿದಿನ ಒಂದು ಚಿಕ್ಕ ಹೊಣೆಯಿರಲಿ: ತಟ್ಟೆ ಇಡುವುದು, ಚಪ್ಪಲಿ ಜೋಡಿಸುವುದು, ಗಿಡಕ್ಕೆ ಒಂದು ತಂಬಿಗೆ ನೀರು. ತನ್ನ ಕೆಲಸವಿಲ್ಲದ ದಿನಚರಿಯನ್ನು ಮಗು ತನ್ನದೆಂದು ಒಪ್ಪುವುದಿಲ್ಲ. ಅಜ್ಜ ಅಜ್ಜಿಯರೂ ತಂದೆ ತಾಯಿಯರೂ ಒಂದೇ ಮಾತಿಗೆ ಬದ್ಧರಾಗಿರುವುದು ಅವಶ್ಯ. ಅಜ್ಜಿ ಹಗಲೆಲ್ಲ ಕಾಪಾಡಿದ ಕ್ರಮವನ್ನು ರಾತ್ರಿ ಬಂದವರು ಮುದ್ದಿನಿಂದ ಕೆಡಿಸಿದರೆ ಮರುದಿನದ ಶ್ರಮವೂ ಆ ಹಿರಿಯ ಜೀವದ್ದೇ.

ಇಷ್ಟೆಲ್ಲ ಮಾಡಿಯೂ ಮಗು ವಾರಗಟ್ಟಲೆ ನಿದ್ದೆ ಮಾಡದಿದ್ದರೆ, ಊಟ ಸೇರದೆ ತೂಕ ಕಳೆದುಕೊಳ್ಳುತ್ತಿದ್ದರೆ, ಕರೆದಾಗ ತಿರುಗಿ ನೋಡದಿದ್ದರೆ, ಆಡುತ್ತಿದ್ದ ಮಾತನ್ನು ಬಿಟ್ಟಿದ್ದರೆ ಅದು ದಿನಚರಿಯಿಂದ ಸರಿಹೋಗುವ ವಿಷಯವಲ್ಲ. ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸುವುದರಲ್ಲಿ ತಡಮಾಡಬಾರದು.

ಶಾಲೆಗೆ ಸೇರುವ ಮುನ್ನ ಮಗು ಎಷ್ಟು ಅಕ್ಷರ ಕಲಿತಿದೆ ಎಂದು ಕೇಳುವವರು ಬಹಳ. ಹಸಿವಾದಾಗ ಊಟ ಬರುವುದು, ದಣಿದಾಗ ನಿದ್ದೆ ಬರುವುದು, ಹೋದವರು ಹೇಳಿದ ಹೊತ್ತಿಗೆ ಮರಳಿ ಬರುವುದು ಎಂಬ ನಂಬಿಕೆ ಅದರಲ್ಲಿ ಬೇರೂರಿದೆಯೇ ಎಂದು ಕೇಳುವವರು ವಿರಳ. ಆ ನಂಬಿಕೆಯಿದ್ದ ಮಗು ಅಕ್ಷರವನ್ನು ನಾಳೆ ಕಲಿತೀತು. ಪಾಳಿಗಳು ತಿರುಗುತ್ತಲೇ ಇರುವ ಈ ಸೀಮೆಯ ಮನೆಗಳಲ್ಲಿ ಆ ನಂಬಿಕೆಯನ್ನು ಬೆಳೆಸಲು ಬೇಕಾದುದು ಒಂದು ರಟ್ಟು, ಐದು ಚಿತ್ರ, ಮತ್ತು ಕೊಟ್ಟ ಮಾತನ್ನು ಪ್ರತಿದಿನವೂ ನಡೆಸುವ ದೊಡ್ಡವರು.